ಮಾಳಮ್ಮನ ಎರಡು ಬಾಟ್ಲಿ ಕುರಿ

ನಿವೃತ್ತಿಯ ವಯಸ್ಸು ಅರವತ್ತು ಎಂದು ನಂಬಿದ್ದವರಲ್ಲಿ ನಾನೂ ಒಬ್ಬಳು. ಮೂವತ್ತಾರಕ್ಕೇ ನಿವೃತ್ತಳಾದ ಮೇಲೆ ಆ ನಂಬಿಕೆ ಬಿಟ್ಟಿದ್ದೇನೆ. ಹಾರವಿರಲಿಲ್ಲ, ಭಾಷಣವಿರಲಿಲ್ಲ. ಒಲೆಯ ಮೇಲೆ ಉಪ್ಪಿಟ್ಟಿನ ನೀರು ಕುದಿಯುತ್ತಿದ್ದಾಗ ಮೊಬೈಲಿಗೆ ಒಂದು ಸಂದೇಶ ಬಂತು: ಮುಂದಿನ ತಿಂಗಳಿಂದ ನನ್ನ ಸೇವೆ ಅಗತ್ಯವಿಲ್ಲ. ಕೆಳಗೆ ಏಜೆನ್ಸಿಯ ಹೆಸರಿತ್ತು, ಮನುಷ್ಯರ ಹೆಸರಿರಲಿಲ್ಲ. ಹೊರಗುತ್ತಿಗೆಯವಳಿಗೆ ವೃತ್ತಿ ಅನುಭವ ಬರೆಯುವ ಹಕ್ಕೆಲ್ಲಿಯದು ಎಂದು ಯಾರಾದರೂ ಕೇಳಬಹುದು. ಕಾಯಂ ನೌಕರರು ಹೋಗುವಾಗ ತಾವು ಬಲ್ಲದ್ದನ್ನು ಬಾಯಲ್ಲಿ ಹೇಳಿ ಹೋಗಲು ಒಂದಿಷ್ಟು ಪುರಸೊತ್ತು ಸಿಗುತ್ತದೆ. ನಮಗದು ಸಿಗುವುದಿಲ್ಲ. ಹಾಗಾಗಿ ಬರೆಯಬೇಕಾದವರು ನಾವೇ ಎಂಬುದು ನನ್ನ ವಾದ.

ನನ್ನದು ಪಶು ಚಿಕಿತ್ಸಾಲಯದ ಕೆಲಸ. ಕೂಡ್ಲಿಗಿ ತಾಲ್ಲೂಕಿನಲ್ಲಿ, ಗುಡೇಕೋಟೆಯ ಬಂಡೆಗುಡ್ಡಗಳು ಕಾಣುವಷ್ಟು ಹತ್ತಿರದ ಒಂದು ಹಳ್ಳಿ, ಹೆಸರು ಬೇಡ. ಕಾಗದದಲ್ಲಿ ನಾನು ಅಟೆಂಡರ್. ಬಾಗಿಲು ತೆಗೆಯಬೇಕು, ಗುಡಿಸಬೇಕು, ಡಾಕ್ಟರು ಸೂಜಿ ಹಾಕುವಾಗ ದನದ ಮೂಗುದಾರ ಹಿಡಿಯಬೇಕು. ಓದಿದ್ದು ಎಂ.ಎ., ರಾಜ್ಯಶಾಸ್ತ್ರ.

ಇನ್ನೊಂದು ಅರ್ಹತೆಯೂ ಇತ್ತು. ಕೊಟ್ಟೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಕೊನೆಯ ವರ್ಷದ ವಿಷಯ, ‘ಸರ್ಕಾರಿ ಹುದ್ದೆಗಳನ್ನು ತುಂಬುವುದಕ್ಕಿಂತ ಗುತ್ತಿಗೆ ನೀಡುವುದೇ ಮೇಲು’. ಚೀಟಿ ಎತ್ತಿದಾಗ ನನಗೆ ಬಂದದ್ದು ‘ಪರ’. ಕಾಯಂ ಆದವನು ಮೈಗಳ್ಳನಾಗುತ್ತಾನೆ, ಕೆಲಸ ಹೋಗುವ ಭಯವಿದ್ದರೆ ಕೆಲಸ ನಡೆಯುತ್ತದೆ, ಬೊಕ್ಕಸಕ್ಕೂ ಹಗುರ ಎಂದು ಮೇಜು ಗುದ್ದಿ ಗುದ್ದಿ ಹೇಳಿದೆ. ಗೆದ್ದೆ, ಹಿತ್ತಾಳೆಯ ಕಪ್ಪು ಕೊಟ್ಟರು. ನೇಮಕಾತಿ ನಿಂತುಹೋಗಿ, ಅರ್ಜಿ ಕರೆಯುವುದನ್ನು ಕಾಯುತ್ತ ಕಾಯುತ್ತ ವರ್ಷಗಳು ಸವೆದು, ಕೊನೆಗೆ ಏಜೆನ್ಸಿಯ ಮೂಲಕ ಈ ಕೆಲಸ ಸಿಕ್ಕಿದಾಗ, ನಾನು ಗೆದ್ದ ವಾದವೇ ಬಹುಮಾನವಾಗಿ ಮನೆಗೆ ಬಂತು ಎಂದುಕೊಂಡೆ. ಆ ಕಪ್ಪಿನಲ್ಲಿ ಈಗ ಅವ್ವ ಸೂಜಿದಾರ ಇಟ್ಟಿದ್ದಾಳೆ.

ಮೊದಲ ದಿನ ಸಿಕ್ಕಿದವನು ಹನುಮಂತಪ್ಪ. ಕಾಯಂ ಅಟೆಂಡರ್, ನಿವೃತ್ತಿಗೆ ಕೆಲವೇ ವರ್ಷ ಬಾಕಿ. ಮೀಸೆಗೆ ಕಪ್ಪು ಬಳಿಯುತ್ತಿದ್ದ, ತಲೆಗೆ ಬಳಿಯುತ್ತಿರಲಿಲ್ಲ. ಮಧ್ಯಾಹ್ನ ಮೇವಿನ ಚೀಲದ ಮೇಲೆ ನಿದ್ದೆ. ಎಚ್ಚರವಿದ್ದಾಗ ಸರ್ಕಸ್ಸಿನ ಒಂಟೆಯ ಹಲ್ಲು ಕಿತ್ತ ಕತೆ. ಪ್ರತಿಸಲ ಹೇಳಿದಾಗಲೂ ಆ ಹಲ್ಲು ಒಂದಿಷ್ಟು ಬೆಳೆಯುತ್ತಿತ್ತು. ನನ್ನ ಚರ್ಚಾಸ್ಪರ್ಧೆಯ ವಾದಕ್ಕೆ ಇವನೇ ಜೀವಂತ ಸಾಕ್ಷಿ ಎಂದು ನನಗನ್ನಿಸಿತು. ಒಳಗೆ ಇಟ್ಟುಕೊಳ್ಳುವ ಗುಣ ನನಗಿಲ್ಲ, ಹೇಳಿಯೂ ಬಿಟ್ಟೆ.

“ಹೌದವ್ವಾ ವಕೀಲಮ್ಮ,” ಅಂದ. ಅಂದಿನಿಂದ ಅದೇ ನನ್ನ ಹೆಸರು. “ನಾ ಮಲಗೇನಿ, ಖರೇನ. ಆದ್ರ ಎಲ್ಲಿ ಮಲಗೇನಿ ಅಂತ ಊರಿಗೆಲ್ಲ ಗೊತ್ತೈತಿ. ಬಂದು ಎಬ್ಬಿಸ್ತಾರ. ನಿಮ್ಮ ಏಜೆನ್ಸಿಯವ್ನು ಎಲ್ಲಿ ಮಲಗ್ಯಾನ, ಹೇಳು ನೋಡೋಣು?”

ನೇಮಕದ ಕಾಗದ ತೆಗೆದು ನೋಡಿದೆ. ಅದರಲ್ಲಿ ಏಜೆನ್ಸಿಯ ಫೋನ್ ನಂಬರಿತ್ತು, ವಿಳಾಸವಿರಲಿಲ್ಲ.

ಈ ಸೀಮೆಯ ಕುರಿ ಕೆಲಸದಲ್ಲಿ ತಿಳಿಯಬೇಕಾದ ಮೊದಲ ಸಂಗತಿ ಕರುಳುಬೇನೆ. ಬೇಸಿಗೆಯೆಲ್ಲ ಒಣ ಹುಲ್ಲು ಕಡ್ಡಿ ತಿಂದ ಕುರಿ, ಮೊದಲ ಮಳೆಗೆ ಗುಡ್ಡ ಹಸಿರಾದ ಕೂಡಲೇ ಎಳೆಹುಲ್ಲನ್ನು ಹೊಟ್ಟೆ ಬಿರಿಯೆ ಮೇಯುತ್ತದೆ. ಸಂಜೆ ಜಿಗಿಯುತ್ತಿದ್ದದ್ದು ಬೆಳಗಾಗುವಷ್ಟರಲ್ಲಿ ಕಾಲು ಚಾಚಿರುತ್ತದೆ. ಬಂದ ಮೇಲೆ ಮದ್ದು ಹಿಡಿಯುವುದಿಲ್ಲ. ಮಳೆಗೆ ಸಾಕಷ್ಟು ಮುಂಚೆ ಲಸಿಕೆ ಬೀಳಬೇಕು, ಅದೊಂದೇ ದಾರಿ. ಎರಡನೆಯ ಸಂಗತಿ, ಹಿಂಡು ಹಟ್ಟಿಯಲ್ಲಿರುವುದು ಬೆಳಕು ಹರಿಯುವ ತನಕ ಮಾತ್ರ. ಆಮೇಲೆ ಗುಡ್ಡಕ್ಕೆ ಹೋದ ಕುರಿಯನ್ನು ಹಿಡಿಯುತ್ತೇನೆ ಎಂದವರು ಈತನಕ ಗುಡ್ಡವನ್ನಷ್ಟೇ ಹಿಡಿದಿದ್ದಾರೆ.

ಮೂರನೆಯ ಸಂಗತಿಯನ್ನು ನನಗೆ ಯಾರೂ ಹೇಳಲಿಲ್ಲ. ಮಾಳಮ್ಮನ ಹಟ್ಟಿಗೆ ಮೊದಲ ಸಲ ಹೋದೆವು. ಗಂಡ ತೀರಿದ ಮೇಲೆ ಹಿಂಡನ್ನು ತಾನೇ ಕಟ್ಟಿಕೊಂಡು ನಿಂತ ಹೆಂಗಸು. ಹಣೆತುಂಬ ಭಂಡಾರ, ಕೈಯಲ್ಲಿ ಅವಳಿಗಿಂತ ಎತ್ತರದ ಕೋಲು. ಮೈಲಾರದ ದೇವರ ಅರಿಶಿನಪುಡಿ, ಅದೇ ಭಂಡಾರವನ್ನು ಹನುಮಂತಪ್ಪನ ಎರಡೂ ಕೈಗೆ ಸವರಿದಳು. ಸೂಜಿ ಹಿಡಿಯುವ ಕೈಗೆ ಅದು ಬೀಳದೆ ಅಲ್ಲಿ ಮುಳ್ಳಿನ ಬಾಗಿಲು ತೆರೆಯುವುದಿಲ್ಲ. ನಾನು ಮೂಲೆಯಲ್ಲಿ ನಿಂತು, ಲಸಿಕೆ ಎಷ್ಟು ಬೇಕೆಂದು ತಿಳಿಯಲು, ವೇದಿಕೆಯ ಮೇಲಿನ ಅದೇ ದನಿಯಲ್ಲಿ, “ಒಂದು, ಎರಡು, ಮೂರು” ಎಂದು ಶುರುಮಾಡಿದೆ.

ಮಾಳಮ್ಮ ಭಂಡಾರದ ಚೀಲ ಸೊಂಟಕ್ಕೆ ಸಿಕ್ಕಿಸಿ, ಮುಳ್ಳಿನ ಬಾಗಿಲನ್ನು ಕಾಲಲ್ಲಿ ಒದ್ದು, ಇಡೀ ಹಿಂಡನ್ನು ಗುಡ್ಡಕ್ಕೆ ಹೊಡೆದುಬಿಟ್ಟಳು.

“ಯಾಕಮ್ಮಾ?”

“ಕುರಿ ಎಣಿಸ್ತಾರೇನ? ಬಾಯಾಗ ಎಣಿಸಿದ್ರ ಹಿಂಡು ಕರಗತೈತಿ.”

ನಾನು ಬಿಡುವವಳೇ? “ಎಣಿಸಿದ್ರ ಕರಗೋದಾದ್ರ, ಜನಗಣತಿ ಆದ ಮ್ಯಾಲ ಊರಾಗ ಒಬ್ರೂ ಉಳೀಬಾರ್ದಿತ್ತಲ್ಲ?”

“ಉಳದಾರೇನು?” ಅಂದಳು ತಿರುಗಿ. “ಹೋಗು, ಊರಾಗ ಒಂದು ಸುತ್ತು ಹಾಕು. ಎಷ್ಟು ಬಾಗಿಲಿಗೆ ಕೀಲಿ ಬಿದ್ದಾವು ನೋಡ್ಕೊಂಡು ಬಂದು, ಆಮ್ಯಾಲ ನನ್ನ ಕೂಡ ಮಾತಾಡು.”

ಕೊಟ್ಟೂರಿನ ಯಾವ ತೀರ್ಪುಗಾರನಾದರೂ ಆ ಅಂಕವನ್ನು ಅವಳಿಗೇ ಕೊಡುತ್ತಿದ್ದ. ಹಿಂದಿರುಗುವಾಗ ಹನುಮಂತಪ್ಪ ಬೈಕಿನ ಮೇಲೆ ಭುಜ ಕುಣಿಸಿ ನಗುತ್ತಿದ್ದ. ಮೊದಲೇ ಯಾಕೆ ಹೇಳಲಿಲ್ಲ ಎಂದು ಜಗಳ ತೆಗೆದೆ. “ನೀ ಕೇಳಲಿಲ್ಲ, ನಾ ಹೇಳಲಿಲ್ಲ. ಎಂ.ಎ. ಮಾಡೀಯಲ್ಲ, ತಿಳಿದಿರ್ತೈತಿ ಅನ್ಕೊಂಡೆ,” ಅಂದ. ಆಮೇಲೆ ದಾರಿಯನ್ನೂ ಹೇಳಿದ. ಎಷ್ಟು ಕುರಿ ಎಂದು ಕೇಳಬಾರದು, ಎಷ್ಟು ಬಾಟ್ಲಿ ಎಂದು ಕೇಳಬೇಕು. ಲಸಿಕೆಯ ಒಂದು ಬಾಟ್ಲಿ ಎಷ್ಟು ಕುರಿಗೆ ಬರುತ್ತದೆಂದು ಕುರಿಯವರಿಗೆಲ್ಲ ಗೊತ್ತು. ವಾರ ಬಿಟ್ಟು ತಲೆ ತಗ್ಗಿಸಿ ಹೋಗಿ, “ಎಷ್ಟು ಬಾಟ್ಲಿ ತರ್ಲಿ ಅಮ್ಮಾ?” ಅಂದೆ.

“ಎರಡು ತಾ. ಚೂರು ಉಳಿತೈತಿ,” ಅಂದಳು ಮಾಳಮ್ಮ, ಏನೂ ಆಗದವಳಂತೆ.

ಎಣಿಸಿದರೆ ಹಿಂಡು ಕರಗುತ್ತದೆಂದು ನಾನು ಇವತ್ತಿಗೂ ನಂಬಿಲ್ಲ. ಭಂಡಾರಕ್ಕೂ ಲಸಿಕೆಗೂ ಸಂಬಂಧವಿಲ್ಲವೆಂದು ಮಾಳಮ್ಮನ ಎದುರೇ ವಾದಿಸಿದ್ದೇನೆ. “ಸಂಬಂಧ ಐತಿ ಅಂತ ನಾ ಯಾವಾಗ ಅಂದೆ?” ಅಂದಿದ್ದಳು. “ಔಷಧ ನಿಂದು, ಕುರಿ ನಂದು. ನಡುವ ಒಂದು ಗುರ್ತು ಬೇಕಲ್ಲ.” ಆ ಹಳದಿ ಉಗುರಿನ ಸಂದಿಗೆ ಹೊಕ್ಕರೆ ಸೋಪಿಗೂ ಬಗ್ಗುತ್ತಿರಲಿಲ್ಲ. ಪ್ರತಿ ವರ್ಷ ಲಸಿಕೆಯ ಕಾಲ ಬಂದರೆ ಮನೆಯ ಬಚ್ಚಲಲ್ಲಿ ನಿಂತು ಉಜ್ಜಿ ಉಜ್ಜಿ ಬೈಯುತ್ತಿದ್ದೆ.

ಡಾಕ್ಟರ ಬಗ್ಗೆ ಹೇಳದಿದ್ದರೆ ಅನ್ಯಾಯವಾದೀತು. ಒಬ್ಬರಿಗೆ ಮೂರು ಚಿಕಿತ್ಸಾಲಯದ ಹೊಣೆ. ಮೂರು ಕಡೆಯೂ ಅವರು ‘ಈಗಷ್ಟೇ ಹೋದರು’. ಬೆಳಿಗ್ಗೆ ಕಾನಹೊಸಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಹೆಂಡತಿಗೆಂದು ಹಡಗಲಿ ಮಲ್ಲಿಗೆ ಕೊಳ್ಳುತ್ತಿದ್ದರು, ಸಂಜೆಗೆ ಅದು ಸಿಗುವುದಿಲ್ಲವೆಂದು. ಮನೆ ಸೇರುವಷ್ಟರಲ್ಲಿ ಬಾಡುತ್ತದೆಂದು ಆ ದಂಡೆಯನ್ನು ಲಸಿಕೆಯ ಫ್ರಿಜ್ಜಿನಲ್ಲಿಟ್ಟು ಹೋಗುತ್ತಿದ್ದರು. ನಿಯಮದ ಪ್ರಕಾರ ಫ್ರಿಜ್ಜಿನಲ್ಲಿ ಲಸಿಕೆ ಬಿಟ್ಟು ಬೇರೇನೂ ಇರಬಾರದು ಎಂದೆ. “ನಿಯಮದ ಪ್ರಕಾರ ಇಲ್ಲಿ ಒಬ್ಬ ಡಾಕ್ಟರ್, ಒಬ್ಬ ಪರಿವೀಕ್ಷಕ, ಇಬ್ಬರು ಅಟೆಂಡರ್ ಇರಬೇಕಮ್ಮಾ. ಅವರೆಲ್ಲ ಬಂದ ದಿನ ಹೂವು ತೆಗೀತೀನಿ,” ಎಂದರು. ಯಾರೂ ಬರಲಿಲ್ಲ. ಫ್ರಿಜ್ಜು ತೆಗೆದಾಗಲೆಲ್ಲ ಮಲ್ಲಿಗೆಯ ವಾಸನೆ ಬರುತ್ತಿತ್ತು.

ಲಸಿಕೆ ಹಾಕಬೇಕಾದ ಪರಿವೀಕ್ಷಕರ ಹುದ್ದೆ ಖಾಲಿ ಬಿದ್ದದ್ದರಿಂದ ಸೂಜಿ ನನ್ನ ಕೈಗೆ ಬಂತು. ಹೀಗೆ ಬರುತ್ತದೆಂದು ಎಲ್ಲಿಯೂ ಬರೆದಿರುವುದಿಲ್ಲ, ಹೊಸಬರು ಗಮನಿಸಬೇಕು. ಸೂಜಿಯ ಹಿಂದೆಯೇ ಹೆರಿಗೆಯೂ ಬಂತು. ಒಂದು ಮಧ್ಯಾಹ್ನ ಹಟ್ಟಿಯಲ್ಲಿ ಮಾಳಮ್ಮನ ಗಂಟೆ ಕಟ್ಟಿದ ಕುರಿ ಮರಿ ಹಾಕಲಾರದೆ ಒದ್ದಾಡುತ್ತಿತ್ತು. ಮರಿಯ ತಲೆ ಹಿಂದಕ್ಕೆ ಮಡಚಿಕೊಂಡು ಒಂದು ಗೊರಸಷ್ಟೇ ಹೊರಗೆ ಬಂದಿತ್ತು. ಡಾಕ್ಟರು ಕಾನಹೊಸಹಳ್ಳಿಯಲ್ಲಿ ಒಂದು ಎಮ್ಮೆಯ ಬಳಿ. ಫೋನು ಮಾಡಿದೆ.

“ನೋಡಮ್ಮಾ, ನೀನು ಇದನ್ನ ಮಾಡು ಅಂತ ನಾನು ಹೇಳೋ ಹಂಗಿಲ್ಲ,” ಎಂದರು. ಹಿಂದೆ ಎಮ್ಮೆಯ ಉಸಿರು ಕೇಳುತ್ತಿತ್ತು. “ನಾನು ಅಲ್ಲಿದ್ದಿದ್ರೆ ಏನು ಮಾಡ್ತಿದ್ದೆ ಅಂತ ಹೇಳ್ತೀನಿ. ಕೇಳಿಸ್ಕೋ.”

ಅವರು ಅಲ್ಲಿದ್ದಿದ್ದರೆ ಕೈಗೆ ಸೋಪು ಹಚ್ಚಿಕೊಳ್ಳುತ್ತಿದ್ದರಂತೆ. ಗೊರಸನ್ನು ಮೆಲ್ಲಗೆ ಒಳಕ್ಕೆ ತಳ್ಳುತ್ತಿದ್ದರಂತೆ. ತಲೆಯನ್ನು ಹುಡುಕಿ, ಹಲ್ಲು ತಾಯಿಗೆ ತಾಗದಂತೆ ಬಾಯಿಗೆ ಅಂಗೈ ಕವಿದು ಮುಂದಕ್ಕೆ ತಿರುಗಿಸುತ್ತಿದ್ದರಂತೆ. ಮಾಳಮ್ಮ ಕುರಿಯ ಕತ್ತು ತಬ್ಬಿ ಕೂತಿದ್ದಳು. ಹನುಮಂತಪ್ಪ ಫೋನನ್ನು ನನ್ನ ಕಿವಿಗೆ ಹಿಡಿದಿದ್ದ. ಆ ಹೊತ್ತಿನಲ್ಲಿ ಒಂಟೆಯ ಮಾತು ಎತ್ತಲಿಲ್ಲ. ಮರಿ ಜಾರಿ ನನ್ನ ಮಡಿಲಿಗೆ ಬಿತ್ತು, ಬಿದ್ದದ್ದೇ ಅರಚಿತು.

“ಅಯ್ಯ ಇದರ! ಹುಟ್ಟಿದ್ದ ಬಾಯಿ ಮಾಡಾಕ ಹತ್ತೈತಲ್ಲ,” ಎಂದಳು ಮಾಳಮ್ಮ ಕಣ್ಣೊರೆಸಿಕೊಳ್ಳುತ್ತ. “ಇದಕ್ಕ ನಿನ್ನ ಹೆಸರ ಸೈ. ವಕೀಲ.”

ಆ ವಕೀಲ ಬೆಳೆದು ಕೊಂಬು ತಿರುಗಿದ ಟಗರಾಯಿತು, ಹಿಂಡಿನ ಮುಂದಾಳಾಯಿತು. ಪ್ರತಿ ವರ್ಷ ಮೊದಲ ಸೂಜಿ ಅದಕ್ಕೇ. ಪ್ರತಿ ವರ್ಷ ನನಗೇ ಗುದ್ದು.

ಹನುಮಂತಪ್ಪ ನಿವೃತ್ತನಾದ ದಿನ ಚಾರ್ಜು ಕೊಡುವ ಕಾಗದದಲ್ಲಿ ‘ವಹಿಸಿಕೊಂಡವರು’ ಎಂಬಲ್ಲಿ ಸಹಿ ಹಾಕಲು ಯಾರೂ ಇರಲಿಲ್ಲ. ಆ ಹುದ್ದೆ ತುಂಬುವಂತಿಲ್ಲ, ನಾನು ಸಹಿ ಹಾಕುವಂತಿಲ್ಲ. ಡಾಕ್ಟರೇ ಹಾಕಿದರು. ಹನುಮಂತಪ್ಪ ಬೀಗದ ಕೈಯನ್ನು ಕಾಗದದ ಮೇಲಿಟ್ಟು, ಯಾರೂ ನೋಡದಾಗ ಎತ್ತಿ ನನ್ನ ಅಂಗೈಗೆ ಒತ್ತಿದ. ಏನೋ ಹೇಳುತ್ತಾನೆಂದು ಕಾದೆ. “ಮೇವಿನ ಚೀಲ ಬಿಸಲಿಗೆ ಹಾಕ್ಬ್ಯಾಡ, ಗಟ್ಟಿ ಆಗತೈತಿ. ಮಲಗಾಕ ಬರಂಗಿಲ್ಲ,” ಅಂದ.

ಅಲ್ಲಿಂದ ಮುಂದೆ ಎಲ್ಲ ನಾನೇ. ಏಜೆನ್ಸಿಗೆ ಮಾತ್ರ ನಾನು ಒಂದು ಫೋಟೊ ಆಗಿದ್ದೆ. ದಿನಾ ಹತ್ತಕ್ಕೆ ಚಿಕಿತ್ಸಾಲಯದ ಬೋರ್ಡಿನ ಮುಂದೆ ನಿಂತು ಮುಖದ ಫೋಟೊ ಕಳಿಸಬೇಕು, ಅದೇ ಹಾಜರಿ. ನಸುಕಿನಲ್ಲಿ ಗುಡ್ಡದ ಮೂರು ಹಟ್ಟಿ ಮುಗಿಸಿ ಸ್ಕೂಟಿ ಹತ್ತುವಷ್ಟರಲ್ಲಿ ಹತ್ತು ದಾಟಿದರೆ ಗೈರು. ಫೋನು ಮಾಡಿ ಜಗಳವಾಡಿದೆ. ಆ ಕಡೆಯ ಹುಡುಗ ಪಾಪ ಮೆತ್ತಗಿದ್ದ. “ಮೇಡಂ, ಕುರಿಗಳನ್ನೇ ಹತ್ತು ಗಂಟೆಗೆ ಬೋರ್ಡ್ ಹತ್ರ ಕರೆಸಬಹುದಲ್ಲ?” ಎಂದ. ತಮಾಷೆ ಮಾಡುತ್ತಿರಲಿಲ್ಲ. ಅವನೂ ಇನ್ನಾರದೋ ಗುತ್ತಿಗೆಯವನೇ ಇರಬೇಕು.

ಹುದ್ದೆ ತುಂಬದಿದ್ದರೆ ಖರ್ಚು ಉಳಿಯುತ್ತದೆ ಎಂದು ಕೊಟ್ಟೂರಿನ ವೇದಿಕೆಯಲ್ಲಿ ಹೇಳಿದ್ದೆ. ಉಳಿಯುವುದಿಲ್ಲ, ಜಾಗ ಬದಲಿಸುತ್ತದೆ. ಒಂದು ಪಾಲು ಏಜೆನ್ಸಿಯ ಜೇಬಿಗೆ ಹೋಗುತ್ತದೆ, ಅದು ಲೆಕ್ಕಕ್ಕೆ ಸಿಗುತ್ತದೆ. ಉಳಿದದ್ದು ಮಾಳಮ್ಮನ ಹಟ್ಟಿಗೆ ಬಂದು ಕೂರುತ್ತದೆ. ಟೆಂಡರು ಬದಲಾದಾಗಲೆಲ್ಲ ಎಷ್ಟು ಬಾಟ್ಲಿ ಎಂದು ಕೇಳಬಲ್ಲ ಒಬ್ಬರು ಇಲ್ಲವಾಗುತ್ತಾರೆ, ಇನ್ನೊಬ್ಬರು ಬಂದು ಒಂದು ಎರಡು ಎಂದು ಶುರುಮಾಡುತ್ತಾರೆ.

ನನ್ನ ಸರದಿಯೂ ಹಾಗೇ ಬಂತು. ಉಪ್ಪಿಟ್ಟಿನ ಸಂದೇಶ ನೋಡಿದ ಸಂಜೆ ಹನುಮಂತಪ್ಪ ಮನೆಗೆ ಬಂದ. ಕಂಕುಳಲ್ಲಿ ಒಂದು ಪೊಟ್ಟಣ. ಒಳಗೆ ಅವನ ಬೀಳ್ಕೊಡುಗೆಯಲ್ಲಿ ಹೊದಿಸಿದ್ದ ಶಾಲು.

“ನಿನಗ ಯಾರೂ ಹೊದಿಸಂಗಿಲ್ಲ. ನಂದ ಹೊದ್ಕೊ. ಒಗ್ಸೀನಿ,” ಅಂದ.

“ನಂಗ್ಯಾಕೆ ಶಾಲು?” ಎಂದೆ. ಎಂದವಳೇ ಹೊದ್ದುಕೊಂಡೆ. ಅವ್ವ ಚಹಾ ತಂದಳು. ಅವನು ಅವಳಿಗೆ ಒಂಟೆಯ ಕತೆ ಹೇಳಿದ. ಹಲ್ಲು ಆಗ ಬಾಳೆಗೊನೆಯಷ್ಟಿತ್ತು.

ನನ್ನ ಜಾಗಕ್ಕೆ ಹೊಸ ಏಜೆನ್ಸಿ ಕಳಿಸಿದ್ದು ಪವಿತ್ರ ಎಂಬ ಹುಡುಗಿಯನ್ನು. ಹರಪನಹಳ್ಳಿಯವಳು, ಕಾನಹೊಸಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿ ಇಳಿದುಕೊಂಡಿದ್ದಳು. ಡಾಕ್ಟರಿಂದ ನನ್ನ ನಂಬರು ಪಡೆದು ಒಂದು ಸಂಜೆ ಫೋನು ಮಾಡಿದಳು.

“ಅಕ್ಕಾ, ಫ್ರಿಜ್ಜಿನಾಗೆ ಲಸಿಕೆ ಬಂದೈತೆ. ಡಾಕ್ಟ್ರು ಮಳೆ ಬರೋಕ್ ಮುಂಚೆ ಮುಗ್ಸು ಅಂತಾರೆ. ನಿನ್ನೆ ಗುಡ್ಡದ ಹಟ್ಟಿಗೆ ಹೋಗಿದ್ದೆ, ಆಯಮ್ಮ ಬಾಗಿಲೇ ತೆಗೀಲಿಲ್ಲ. ನಂಗೆ ಮೊದ್ಲೇ ಕುರಿ ಕಂಡ್ರೆ ಹೆದ್ರಿಕೆ ಆಗ್ತತೆ. ನೀವು ಒಂದ್ಸಲ ಬರ್ತೀರಾ?”

ಬರುತ್ತೇನೆ ಎನ್ನಲಿಲ್ಲ. ಅಂಗಳಕ್ಕೆ ಬಂದು ನೋಡಿದೆ. ಗುಡ್ಡದ ಕಡೆ ಮೋಡ ಕಟ್ಟತೊಡಗಿತ್ತು.

ಹೋಗಬಾರದು ಎಂಬ ಪಕ್ಷ ಬಲವಾಗಿತ್ತು. ಒಬ್ಬರನ್ನು ಕಿತ್ತು ಇನ್ನೊಬ್ಬರನ್ನು ನೆಟ್ಟರೆ ಏನೂ ನಷ್ಟವಿಲ್ಲ ಎಂಬುದೇ ಏಜೆನ್ಸಿಯ ಇಡೀ ವ್ಯಾಪಾರ. ನಾನು ಪುಕ್ಕಟೆ ಹೋಗಿ ಕಲಿಸಿದರೆ ಆ ಸುಳ್ಳನ್ನು ನಾನೇ ನಿಜ ಮಾಡಿಕೊಟ್ಟಂತೆ. ನಷ್ಟ ಕಣ್ಣಿಗೆ ಕಂಡರೆ ತಾನೇ ಯಾರಾದರೂ ಹುದ್ದೆ ತುಂಬುತ್ತಾರೆ? ಹೋಗಬೇಕು ಎಂಬ ಪಕ್ಷದಲ್ಲಿದ್ದದ್ದು ಒಂದೇ ಮಾತು: ನಷ್ಟ ಕಾಣಬೇಕಾದರೆ ಅದು ಮಾಳಮ್ಮನ ಹಟ್ಟಿಯಲ್ಲಿ ಕಾಲು ಚಾಚಿ ಬಿದ್ದಿರಬೇಕು. ಮೊದಲನೆಯ ವಾದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ. ಅದು ಸರಿಯಾದ ವಾದವೇ. ರಾತ್ರಿಯೇ ಪವಿತ್ರಳಿಗೆ ಫೋನು ಮಾಡಿ, ಮರುದಿನ ಕೋಳಿ ಕೂಗುವ ಮುಂಚೆ ಸ್ಕೂಟಿ ತೆಗೆದೆ.

ಅವಳನ್ನು ಸೋದರತ್ತೆಯ ಮನೆಯಿಂದ, ಲಸಿಕೆಯನ್ನು ಚಿಕಿತ್ಸಾಲಯದಿಂದ ಹತ್ತಿಸಿಕೊಂಡೆ. ಐಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಪವಿತ್ರ ಹಿಂದೆ ಕೂತಳು. ದಾರಿಯುದ್ದಕ್ಕೂ ಹೇಳಿಕೊಟ್ಟೆ. ಎಷ್ಟು ಬಾಟ್ಲಿ ಎಂದು ಕೇಳು. ಚರ್ಮ ಎತ್ತಿ ಹಿಡಿದು ಅದರ ಕೆಳಗೆ ಸೂಜಿ ಹಾಕು, ಮಾಂಸಕ್ಕೆ ಇಳಿಸಬೇಡ. ಬಾಯಲ್ಲಿ ಮಾತ್ರ ಎಣಿಸಬೇಡ.

“ಮನಸ್ನಾಗೆ ಎಣಿಸ್ಬೋದಾ?”

“ಮನಸ್ಸು ನಿನ್ನದು,” ಎಂದೆ. ಈ ಹುಡುಗಿ ಉಳಿದುಕೊಳ್ಳುತ್ತಾಳೆ ಅನ್ನಿಸಿತು.

ಹಟ್ಟಿ ಮುಟ್ಟಿದಾಗ ಮೂಡಲು ಇನ್ನೂ ಬೂದಿ ಬಣ್ಣ. ಮಾಳಮ್ಮ ಮುಳ್ಳಿನ ಬಾಗಿಲಿಗೆ ಅಡ್ಡ ನಿಂತಿದ್ದಳು.

“ನಿನ್ನ ತೆಗದಾರಂತಲ್ಲ? ಯಾರು ತೆಗದಾರ?”

“ಗೊತ್ತಿಲ್ಲಮ್ಮಾ. ಹೆಸರು ಹಾಕಿಲ್ಲ.”

“ಹೆಸರಿಲ್ಲದವ್ರು ತೆಗದ್ರ ತೆಗದಂಗೇನು,” ಎಂದು ಗೊಣಗುತ್ತ ಸೊಂಟದ ಚೀಲ ಬಿಚ್ಚಿದಳು. ನಾನು ರೂಢಿಯಂತೆ ಎರಡೂ ಕೈ ಚಾಚಿದೆ. ಮಾಳಮ್ಮ ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ನನ್ನನ್ನು ದಾಟಿ, ಹಿಂದೆ ಪೆಟ್ಟಿಗೆ ಅವಚಿಕೊಂಡು ನಿಂತವಳ ಮುಂದೆ ಹೋಗಿ ನಿಂತಳು.

“ಪೆಟಿಗಿ ಕೆಳಗಿಡವ್ವಾ. ಕೈ ಚಾಚು.”

ಪವಿತ್ರ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳ ಪುಟ್ಟ ಅಂಗೈಗಳ ಮೇಲೆ, ಬೆರಳ ಸಂದಿಗಳಲ್ಲಿ, ಉಗುರುಗಳ ತನಕ ಮಾಳಮ್ಮ ಭಂಡಾರ ಸವರಿದಳು. ನನ್ನ ಕೈಗಳು ಇನ್ನೂ ಚಾಚಿಯೇ ಇದ್ದವು. ಕೆಳಗಿಳಿಸುವುದು ಹೇಗೆಂದು ತಿಳಿಯಲಿಲ್ಲ.

“ಏ ವಕೀಲಮ್ಮ, ಸುಮ್ನ ನಿಂತೀಯಲ್ಲ. ನಿನ್ನ ಹೆಸರಿನವನ್ನ ಹಿಡಿ ಹೋಗು.”

ಟಗರಿನ ಕೊಂಬು ಹಿಡಿದೆ. ಗುದ್ದಿತು. ಪವಿತ್ರ ತೋಳು ಉದ್ದ ಚಾಚಿ, ದೂರದಿಂದಲೇ ಚರ್ಮ ಎತ್ತಿ ಸೂಜಿ ಹಾಕಿದಳು. ಎರಡನೆಯದಕ್ಕೂ ದೂರವೇ ನಿಂತಳು. ಆಮೇಲಾಮೇಲೆ ಹತ್ತಿರ ಸರಿದಳು. ಬೆಳಕು ಹರಿಯುವಾಗ ಎರಡನೆಯ ಬಾಟ್ಲಿಯಲ್ಲಿ ಚೂರು ಉಳಿದಿತ್ತು.

ಹಿಂಡು ಗುಡ್ಡ ಹತ್ತಿತು. ಮಾಳಮ್ಮ ಸ್ಕೂಟಿಯ ತನಕ ಬಂದಳು.

“ಮುಂದಿನ ವರ್ಸ ನೀ ಬರಬ್ಯಾಡ,” ಅಂದಳು.

“ಯಾಕಮ್ಮಾ?”

“ನೀ ಬಂದ್ರ ಕುರಿ ನಿನ್ನ ಕೈಯ ಹುಡುಕ್ತಾವು. ಈ ಕೂಸಿನ ಕೈ ರೂಢಿ ಆಗಬೇಕು.”

“ಇವಳನ್ನೂ ತೆಗೀತಾರೆ. ಆಗ?”

“ಆಗಿಂದು ಆಗ. ವಾದ ಮಾಡಬ್ಯಾಡ,” ಎಂದು ನನ್ನ ಕೆನ್ನೆ ತಿವಿದಳು. “ಸೂಜಿ ಹಿಡ್ಕೊಂಡು ಬರಬ್ಯಾಡ ಅಂದೆ. ಉಣ್ಣಾಕ ಬಾ.”

ಮನೆಗೆ ಬಂದವಳೇ ಅಭ್ಯಾಸದಂತೆ ಬಚ್ಚಲಿಗೆ ಹೋಗಿ ಸೋಪು ತೆಗೆದುಕೊಂಡು ಕೈಗೆ ನೀರು ಬಿಟ್ಟೆ. ಉಗುರಿನ ಸಂದಿ ನೋಡಿದೆ. ಹಳದಿ ಎಲ್ಲೂ ಇರಲಿಲ್ಲ. ಸೋಪನ್ನು ಹಾಗೇ ತಿರುಗಿ ಇಟ್ಟೆ.